ಸಂಬಳ ರಿಸಲ್ಟಿಗೆ ಯಾಕ ಕಟ್ಟಬಾರದು? ಆಳಂದ ಕಡೆಯಿಂದ ಉತ್ತರ

ನಿಮ್ಮ ಪ್ರಶ್ನೆ ನೇರವಾಗಿದೆ: ಮಕ್ಕಳ ರಿಸಲ್ಟ್ ನೋಡಿ ಮಾಸ್ತರರ ಸಂಬಳ ಯಾಕ ಕೊಡಬಾರದು? ಸರ್ಕಾರಿ ಮಾಸ್ತರಿಗೆ ಐವತ್ತು ಸಾವಿರದ ಮೇಲೆ ಸಂಬಳ, 2025ರ ಎಸ್ಸೆಸ್ಸೆಲ್ಸಿಯಲ್ಲಿ ಕಲಬುರಗಿ ಜಿಲ್ಲೆ ಶೇ 42.43 ತಗೊಂಡು ರಾಜ್ಯಕ್ಕೇ ಕಡೆ. ಅದೇ ವರ್ಷ ದಕ್ಷಿಣ ಕನ್ನಡ ಶೇ 91.12. ಹಿಂದಿನ ವರ್ಷ ಕಡೆಗಿದ್ದದ್ದು ಯಾದಗಿರಿ. ಇಷ್ಟು ನೋಡಿದವರಿಗೆ ಪಗಾರವನ್ನು ರಿಸಲ್ಟಿಗೆ ಕಟ್ಟಿ ಅನ್ನಿಸುವುದು ಸಹಜ. ಆದರೆ ಯಾರ ಪಗಾರಕ್ಕೆ ಕಟ್ಟುತ್ತೀರಿ? ನಮ್ಮ ಕಡೆ ಸಾಲಿ ಒಂದೇ, ಪಗಾರ ಎರಡು.

ಮೊದಲನೆಯದು ಕಾಯಂ ಶಿಕ್ಷಕರದು. 2022ರಲ್ಲಿ ಆರರಿಂದ ಎಂಟನೇ ತರಗತಿಗೆ ಪದವೀಧರ ಶಿಕ್ಷಕರನ್ನು ಕರೆದಾಗ ಆರಂಭದ ಮೂಲ ವೇತನ 27,650 ಇತ್ತು. 2024ರ ಆಗಸ್ಟ್‌ನಿಂದ ಏಳನೇ ವೇತನ ಆಯೋಗ ಜಾರಿಯಾಗಿ ಅದು ಸುಮಾರು 44 ಸಾವಿರಕ್ಕೆ ಬಂತು. ತುಟ್ಟಿಭತ್ಯೆ, ಮನೆ ಬಾಡಿಗೆ ಸೇರಿದರೆ 50 ಸಾವಿರ ದಾಟುತ್ತದೆ. ಪಿಂಚಣಿ ಯೋಜನೆ ಎನ್‌ಪಿಎಸ್‌ಗೆ ಮೂಲ ವೇತನ ಮತ್ತು ತುಟ್ಟಿಭತ್ಯೆಯ ಶೇ 10, ಜೊತೆಗೆ ಸರ್ಕಾರಿ ನೌಕರರ ವಿಮೆ ಕೆಜಿಐಡಿಯ ಕಡಿತ. ವರ್ಷಕ್ಕೊಂದು ಇನ್‌ಕ್ರಿಮೆಂಟ್. ಪಾಠ ಚೆನ್ನಾಗಿ ಮಾಡಿದರೂ ಅಷ್ಟೇ, ಮಾಡದಿದ್ದರೂ ಅಷ್ಟೇ. ಇಷ್ಟರಮಟ್ಟಿಗೆ ನಿಮ್ಮ ಮಾತು ಖರೆ.

ಮನೆ ಬಾಡಿಗೆ ಭತ್ಯೆಯ ಲೆಕ್ಕ ಮಾತ್ರ ತಲೆಕೆಳಗು. ಬೆಂಗಳೂರಿನ ಸಾಲಿಯಲ್ಲಿದ್ದರೆ ಮೂಲ ವೇತನದ ಶೇ 20, ಹಳ್ಳಿಯಲ್ಲಿದ್ದರೆ ಶೇ 7.5. ಅಂದರೆ 44 ಸಾವಿರಕ್ಕೆ ಅಲ್ಲಿ 8,800, ಚಿಂಚೋಳಿಯ ತಾಂಡಾದಲ್ಲಿ (ಲಂಬಾಣಿ ವಸತಿ) 3,300. ತಾಂಡಾದಲ್ಲಿ ಬಾಡಿಗೆ ಮನೆಯೇ ಸಿಗುವುದಿಲ್ಲ, ಹಾಗಾಗಿ ಮಾಸ್ತರು ತಾಲೂಕು ಊರಲ್ಲೋ ಕಲಬುರಗಿಯಲ್ಲೋ ಇದ್ದು ಬಸ್ಸಿನಲ್ಲಿ ಓಡಾಡುತ್ತಾರೆ. ಬಸ್ ತಪ್ಪಿದರೆ ಪ್ರಾರ್ಥನೆ ತಪ್ಪಿತು. ದೂರದ ಊರಲ್ಲಿ ದುಡಿದದ್ದಕ್ಕೆ ಸಿಗುವುದು ವರ್ಗಾವಣೆಯ ಪಾಯಿಂಟು, ರೊಕ್ಕ ಅಲ್ಲ. ಆ ಪಾಯಿಂಟೂ ಬಹಳ ಸಲ ಕೆಲಸಕ್ಕೆ ಬರುವುದಿಲ್ಲ: ತಾಲೂಕಿನಲ್ಲಿ ಶೇ 25ಕ್ಕಿಂತ ಹೆಚ್ಚು ಹುದ್ದೆ ಖಾಲಿ ಇದ್ದರೆ ಅಲ್ಲಿಂದ ಹೊರಗೆ ಬಿಡುವುದಿಲ್ಲ.

ಎರಡನೇ ಪಗಾರ ಖಾಲಿ ಹುದ್ದೆಗೆ ತಾತ್ಕಾಲಿಕವಾಗಿ ಬರುವ ಅತಿಥಿ ಶಿಕ್ಷಕರದು. ಅದಕ್ಕೆ ಗೌರವಧನ ಅಂತ ಹೆಸರು. 2025ರ ಬಜೆಟ್‌ನಲ್ಲಿ ಎರಡು ಸಾವಿರ ಏರಿದ ಮೇಲೆ ಪ್ರಾಥಮಿಕಕ್ಕೆ ತಿಂಗಳಿಗೆ 12,000, ಹೈಸ್ಕೂಲಿಗೆ 12,500. ಏಪ್ರಿಲ್‌, ಮೇ ಇಲ್ಲ. ಹಣ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಬಿಡುಗಡೆಯಾದಾಗಲೇ ಕೈಗೆ, ಎರಡು ಮೂರು ತಿಂಗಳದ್ದು ಒಟ್ಟಿಗೆ ಬರುವುದು ಇಲ್ಲಿ ಸುದ್ದಿಯೇ ಅಲ್ಲ. ಡಿ.ಎಡ್‌, ಬಿ.ಎಡ್‌ ಮಾಡಿದವರೇ ಇವರೂ. ಕಾಯಂ ಮಾಸ್ತರು ಪಕ್ಕದ ಕೋಣೆಯಲ್ಲಿ ಮಾಡುವ ಪಾಠವನ್ನೇ ಇವರು ನಾಲ್ಕನೇ ಒಂದು ಪಾಲಿಗೆ ಮಾಡುತ್ತಾರೆ. ಇವರ ನೇಮಕದ ಆದೇಶ ತಡವಾದ ವರ್ಷ ಜೂನ್‌, ಜುಲೈ ಗಣಿತದ ಪುಸ್ತಕ ಮುಚ್ಚಿಯೇ ಇರುತ್ತದೆ. ಗಡಿ ಆಚೆ ಮಹಾರಾಷ್ಟ್ರದ ಅಕ್ಕಲಕೋಟ, ಉಮರ್ಗಾ ಕಡೆ ಹೊಸಬರು ಮೂರು ವರ್ಷ ‘ಶಿಕ್ಷಣ ಸೇವಕ’ರಾಗಿ 16,000ಕ್ಕೆ ದುಡಿಯುತ್ತಾರೆ, ಆದರೆ ಮೂರು ವರ್ಷ ಕಳೆದರೆ ಕಾಯಂ. ಇಲ್ಲಿನ ಅತಿಥಿಗೆ ಅಂಥ ತುದಿ ಇಲ್ಲ.

‘ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಮೀಸಲು ಕೊಡುವ ಸಂವಿಧಾನದ 371(ಜೆ) ಇದೆಯಲ್ಲ?’ ಅಂತೀರಿ. ಇದೆ. 2022ರ 15,000 ಹುದ್ದೆಯಲ್ಲಿ 5,000 ಕಲ್ಯಾಣ ಕರ್ನಾಟಕಕ್ಕೇ ಇಟ್ಟಿದ್ದರು. ಆದರೆ ರಾಜ್ಯದಾದ್ಯಂತ ಆಯ್ಕೆಯಾದವರೇ 13 ಸಾವಿರ ಚಿಲ್ಲರೆ. ಮೀಸಲಿಟ್ಟ ಹುದ್ದೆ ಬೇರೆ, ತುಂಬಿದ ಹುದ್ದೆ ಬೇರೆ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಹಣದಿಂದ ಕೋಣೆ ಬೇಗ ಏಳುತ್ತದೆ. ಕಾಯಂ ನೇಮಕಾತಿಗೆ ಆರ್ಥಿಕ ಇಲಾಖೆ ಒಪ್ಪಬೇಕು, ಪರೀಕ್ಷೆ ಆಗಬೇಕು, ಕೋರ್ಟಿನ ತಕರಾರು ಮುಗಿಯಬೇಕು. ಬೀದರ್‌ನ ಔರಾದ, ಭಾಲ್ಕಿ ಕಡೆಯ ಮರಾಠಿ, ಉರ್ದು ಮಾಧ್ಯಮದ ಸಾಲಿಗಳಿಗೆ ಇನ್ನೊಂದು ಗಂಟು: ಆ ಮಾಧ್ಯಮದ ಹುದ್ದೆಗೆ ಆ ಮಾಧ್ಯಮದವರೇ ಬೇಕು. ಅಲ್ಲೇ ಕನ್ನಡ ಕಲಿಸುವ ಒಂದು ಹುದ್ದೆ ಖಾಲಿ ಬಿದ್ದರೆ, ಮನೆಯಲ್ಲೂ ಕನ್ನಡ ಇಲ್ಲದ ಹುಡುಗ ಹತ್ತನೆಯ ಕನ್ನಡ ಪೇಪರಿಗೆ ಹಾಗೆಯೇ ಕೂಡುತ್ತಾನೆ.

ಈಗ ಸಾಲಿಯ ಗಲ್ಲೆ ನೋಡಿ. 31ರಿಂದ 100 ಮಕ್ಕಳಿದ್ದರೆ ಸಮಗ್ರ ಶಿಕ್ಷಣ ಯೋಜನೆಯ ಶಾಲಾ ಅನುದಾನ ವರ್ಷಕ್ಕೆ 25,000. ಅದರಲ್ಲಿ ಶೇ 10 ಸ್ವಚ್ಛತೆಗೆ, ಅಂದರೆ 2,500. ಪ್ರಾಥಮಿಕ ಸಾಲಿಗೆ ಜವಾನನೂ ಇಲ್ಲ, ಗುಮಾಸ್ತನೂ ಇಲ್ಲ. ತಿಂಗಳಿಗೆ 208 ರೂಪಾಯಿಗೆ ಶೌಚಾಲಯ ತೊಳೆಯಲು ಯಾರು ಬರುತ್ತಾರೆ? ಉಳಿದದ್ದರಲ್ಲಿ ಸೀಮೆಸುಣ್ಣ, ರಿಜಿಸ್ಟರು, ಮೋಟಾರ್‌ ರಿಪೇರಿ, ಪ್ರಶ್ನೆಪತ್ರಿಕೆ ಜೆರಾಕ್ಸ್‌. ಕಂತು ತಡವಾಗಿ ಬಂದು ಮಾರ್ಚ್‌ 31ರೊಳಗೆ ಖರ್ಚಾಗದಿದ್ದರೆ ವಾಪಸ್‌. ಮಕ್ಕಳಿಗೆ ಕೊಡುವ ಮೊಟ್ಟೆಯ ಲೆಕ್ಕ ಇನ್ನೂ ಮಜಾ: ಕೊಳ್ಳುವುದು, ತರುವುದು, ಬೇಯಿಸುವುದು, ಸುಲಿಯುವುದು ಎಲ್ಲ ಸೇರಿ ಒಂದಕ್ಕೆ 6 ರೂಪಾಯಿ. ಚಳಿಗಾಲದಲ್ಲಿ ಖರ್ಚು ಒಂದಕ್ಕೆ ಬರೀ ಒಂದು ರೂಪಾಯಿ ಮೀರಿದರೂ, 80 ಮಕ್ಕಳು, ವಾರಕ್ಕೆ ಆರು ದಿನ, 480 ರೂಪಾಯಿ ಹೆಡ್‌ಮಾಸ್ತರ ಕಿಸೆಯಿಂದ.

60 ಮಕ್ಕಳವರೆಗಿನ ಕಿರಿಯ ಪ್ರಾಥಮಿಕ ಸಾಲಿಗೆ ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆ) ಪ್ರಕಾರ ಇಬ್ಬರೇ ಶಿಕ್ಷಕರು, ತರಗತಿ ಐದು. ಒಬ್ಬರು ಮೀಟಿಂಗಿಗೋ ಮತದಾರರ ಪಟ್ಟಿಗೋ ಹೋದರೆ ಉಳಿದವರೊಬ್ಬರು ಐದೂ ತರಗತಿಯನ್ನು ಕೂಡಿಸಿಕೊಂಡು ಕೂಡಬೇಕು. 2025ರ ಸೆಪ್ಟೆಂಬರ್‌–ಅಕ್ಟೋಬರ್‌ನಲ್ಲಿ ಜಾತಿ ಸಮೀಕ್ಷೆಗೆ ಮಾಸ್ತರುಗಳೇ ಮನೆಮನೆ ತಿರುಗಿದರು, ಅದಕ್ಕೆಂದೇ ದಸರಾ ರಜೆ ಉದ್ದವಾಯಿತು. ರಜೆ ಮುಗಿಯುವಾಗ ಶಹಾಪುರ, ಸುರಪುರದಲ್ಲಿ ಹತ್ತಿ ಬಿಡಿಸುವ ಹೊತ್ತು, ಆಮೇಲೆ ತೊಗರಿ ರಾಶಿ. ತಾಂಡಾದವರು ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ, ಕಟ್ಟಡ ಕೆಲಸಕ್ಕೆ ಪುಣೆ, ಮುಂಬಯಿಗೆ. ಮಗುವಿನ ಹೆಸರು ಹಾಜರಿಯಲ್ಲಿ ಇರುತ್ತದೆ, ಮಗು ಕಬ್ಬಿನ ಫಡದಲ್ಲಿ ಇರುತ್ತದೆ. ನಾಲ್ಕನೇ, ಐದನೇ ತರಗತಿಯಲ್ಲಿ ಭಾಗಾಕಾರ ತಪ್ಪಿಸಿಕೊಂಡ ಆ ಮಗು ಹತ್ತನೇ ಗಣಿತದಲ್ಲಿ ಫೇಲಾದಾಗ ನೋಟಿಸ್‌ ಬರುವುದು ಹೈಸ್ಕೂಲ್‌ ಗಣಿತದ ಮಾಸ್ತರಿಗೆ.

ರಿಸಲ್ಟಿಗೆ ಪಗಾರ ಕಟ್ಟಿದರೆ ಏನಾಗುತ್ತದೆ ಎನ್ನುವುದಕ್ಕೆ 2024 ನೋಡಿದರೆ ಸಾಕು. ನಕಲು ತಡೆಯಲು ಎಸ್ಸೆಸ್ಸೆಲ್ಸಿ ಪರೀಕ್ಷಾ ಕೋಣೆಗೆ ವೆಬ್‌ಕಾಸ್ಟಿಂಗ್‌ (ಕ್ಯಾಮೆರಾ ಕಣ್ಗಾವಲು) ಬಂದ ವರ್ಷ ಪಾಸಾದವರ ಅಂಕಿ ಕುಸಿದು, ಗ್ರೇಸ್‌ ಅಂಕ ಹೆಚ್ಚಿಸಬೇಕಾಯಿತು. ಅಂಕಿಗೆ ದುಡ್ಡು ಅಂಟಿಸಿದರೆ ಮೊದಲು ತಿದ್ದುಪಡಿ ಆಗುವುದು ಅಂಕಿಯೇ. ಕೆಲಸ ಕಳ್ಳರು ಇದ್ದಾರೆ, ಇಲ್ಲ ಅನ್ನುವುದಿಲ್ಲ. ಅವರನ್ನು ಹಿಡಿಯಲು ಈಗಿರುವ ಸೇವಾ ನಿಯಮ ಸಾಕು, ಬಿಇಒ, ಸಿಆರ್‌ಪಿ (ಕ್ಲಸ್ಟರ್‌ ಸಂಪನ್ಮೂಲ ವ್ಯಕ್ತಿ) ಭೇಟಿ ಕಾಗದದ ಮೇಲಷ್ಟೇ ಆಗದಿದ್ದರೆ.

ಈ ಕಡೆ ಯಾವುದಾದರೂ ಸಾಲಿಗೆ ಬಂದರೆ ಶೇಕಡಾ ಕೇಳಬೇಡಿ. ಮಂಜೂರು ಎಷ್ಟು, ಭರ್ತಿ ಎಷ್ಟು, ಖಾಲಿ ಎಷ್ಟು ಅಂತ ಹೆಡ್‌ಮಾಸ್ತರನ್ನು ಕೇಳಿ. ಎಂಟನೇ ತರಗತಿ ಗಣಿತಕ್ಕೆ ಯಾರು, ಅವರು ಬಂದದ್ದು ಯಾವ ತಿಂಗಳು, ಕಡೇ ಸಲ ಪಗಾರ ಆದದ್ದು ಯಾವಾಗ, ಅದನ್ನೂ ಕೇಳಿ.