ಬೊಂಬೆಯ ಕುಂದೂ ಬೊಂಬೆಯ ನಟನೆಯೂ

ಮಾನ್ಯರೇ,

ಸಿನಿಮಾದಲ್ಲಿ ಬೊಂಬೆಗಳಿಗೆ ಚಲನೆ ಕೊಟ್ಟ ತಂತ್ರಜ್ಞ ರೇ ಹ್ಯಾರಿಹೌಸನ್ ಕುರಿತು ಕಳೆದ ಸಂಚಿಕೆಯಲ್ಲಿ ಬಂದ ಲೇಖನವನ್ನು ಓದಿ ತಾವು ಎರಡು ಆಕ್ಷೇಪಗಳನ್ನೂ ಒಂದು ಪ್ರಶ್ನೆಯನ್ನೂ ಬರೆದು ಕಳಿಸಿದ್ದೀರಿ. ಕಂಪ್ಯೂಟರ್ ಇರುವ ಕಾಲದಲ್ಲಿ ಸ್ಟಾಪ್-ಮೋಷನ್ ಬೊಂಬೆಗಳನ್ನು, ಎಂದರೆ ಕೊಂಚಕೊಂಚವೇ ಸರಿಸಿ ಪ್ರತಿ ಸಲವೂ ಒಂದೊಂದು ಚಿತ್ರ (ಫ್ರೇಮ್) ತೆಗೆದು ಚಲಿಸುವಂತೆ ತೋರಿಸುವ ಬೊಂಬೆಗಳನ್ನು, ಹೊಗಳುವುದು ಬಾಲ್ಯದ ಮೇಲಿನ ಮೋಹ ಮಾತ್ರ ಎಂಬುದು ಮೊದಲನೆಯ ಆಕ್ಷೇಪ. ಆ ಚಿತ್ರಗಳ ಕುಂದನ್ನೇ ನಾವು ಸೊಬಗೆಂದು ಕರೆಯುತ್ತಿದ್ದೇವೆ ಎಂಬುದು ಎರಡನೆಯದು. ಹದಿಹರೆಯದ ಮಗನಿಗೆ ಇವುಗಳಲ್ಲಿ ಯಾವುದನ್ನು ಮೊದಲು ತೋರಿಸಬೇಕೆಂದೂ ಕೇಳಿದ್ದೀರಿ.

ಕುಂದೇ ಸೊಬಗು ಎನ್ನುವವರನ್ನು ನಾನೂ ಒಪ್ಪುವುದಿಲ್ಲ. ಓಡುವ ಪ್ರಾಣಿಯನ್ನು ಕ್ಯಾಮೆರಾ ಹಿಡಿದಾಗ ಪ್ರತಿ ಫ್ರೇಮಿನಲ್ಲೂ ಅದರ ಅಂಚು ಕೊಂಚ ಮಸುಕಾಗುತ್ತದೆ. ನಿಲ್ಲಿಸಿ ಚಿತ್ರ ತೆಗೆದ ಬೊಂಬೆಗೆ ಆ ಮಸುಕು ಇರುವುದಿಲ್ಲವಾದ್ದರಿಂದ ಚಲನೆ ತಡೆತಡೆದು ಸಾಗಿದಂತೆ ಕಾಣುತ್ತದೆ. 1933ರ 'ಕಿಂಗ್ ಕಾಂಗ್'ನಲ್ಲಿ ದೈತ್ಯ ವಾನರನ ತುಪ್ಪಳು ಸದಾ ಅಲುಗುವುದಕ್ಕೆ ಕಾರಣ ಫ್ರೇಮಿನಿಂದ ಫ್ರೇಮಿಗೆ ಬೊಂಬೆಯನ್ನು ಹಿಡಿದು ಸರಿಸಿದ ಬೆರಳುಗಳು. ಆ ಚಿತ್ರವನ್ನು ಹುಡುಗನಾಗಿದ್ದಾಗ ನೋಡಿ, ಮುಂದೆ ಅದರ ತಂತ್ರಜ್ಞ ವಿಲ್ಲಿಸ್ ಓಬ್ರಿಯನ್ ಅವರ ಕೈಕೆಳಗೇ ದುಡಿದ ಹ್ಯಾರಿಹೌಸನ್, ಚಲನೆಯನ್ನು ನಯಗೊಳಿಸುವುದಕ್ಕೇ ಶ್ರಮಿಸಿದವರು. ಬೇಕೆಂದೇ ಅವರು ಬಿಗಿತ ತಂದದ್ದು 1963ರ 'ಜೇಸನ್ ಅಂಡ್ ದಿ ಆರ್ಗೊನಾಟ್ಸ್'ನ ಟ್ಯಾಲೊಸ್‌ಗೆ. ಅದು ಕಂಚಿನ ವಿಗ್ರಹ, ಹಗುರವಾಗಿ ನಡೆದಿದ್ದರೆ ಯಾರೂ ನಂಬುತ್ತಿರಲಿಲ್ಲ.

ಅದೇ ಚಿತ್ರದಲ್ಲಿ ಏಳು ಅಸ್ಥಿಪಂಜರಗಳು ಮೂವರು ಮನುಷ್ಯರೊಡನೆ ಕತ್ತಿ ಹಿಡಿದು ಕಾದುತ್ತವೆ. ನಟರು ಮೊದಲು ಕತ್ತಿವರಸೆ ಬಲ್ಲವರ ಜೊತೆ ಅಭ್ಯಾಸ ಮಾಡಿ, ಆಮೇಲೆ ಎದುರಾಳಿಯಿಲ್ಲದೆ ಬರಿಯ ಗಾಳಿಯಲ್ಲಿ ಅದೇ ವರಸೆಗಳನ್ನು ಮಾಡಿದರು. ಹಾಗೆ ತೆಗೆದ ಚಿತ್ರವನ್ನು ಪುಟ್ಟ ಪರದೆಯ ಮೇಲೆ ಒಂದೊಂದೇ ಫ್ರೇಮಾಗಿ ಹಿಂದಿನಿಂದ ಬೀರಿ, ಅದರ ಮುಂದೆ ಬೊಂಬೆಗಳನ್ನಿಟ್ಟು, ನಟನ ಕತ್ತಿ ಎಲ್ಲಿ ನಿಂತಿದೆಯೋ ಅಲ್ಲಿಗೇ ಅಸ್ಥಿಪಂಜರದ ಕತ್ತಿ ಬಂದು ತಾಕುವಂತೆ ಹೊಂದಿಸಬೇಕಿತ್ತು. ಒಂದು ಸೆಕೆಂಡಿಗೆ 24 ಫ್ರೇಮುಗಳು ಬೇಕು. ಕೆಲವು ದಿನ ಇಡೀ ದಿನದ ದುಡಿಮೆಗೆ ಸಿಕ್ಕಿದ್ದು 13. ಕೆಲವೇ ನಿಮಿಷಗಳ ಈ ಕಾಳಗಕ್ಕೆ ನಾಲ್ಕೂವರೆ ತಿಂಗಳು ಹಿಡಿಯಿತು. ಇಷ್ಟಾಗಿಯೂ ಶ್ರಮ ಎಷ್ಟೆಂಬುದು ಪ್ರೇಕ್ಷಕನಿಗೆ ಸಂಬಂಧಿಸಿದ್ದಲ್ಲ. ಅವನಿಗೆ ಕಾಣುವುದು ಅಸ್ಥಿಪಂಜರಗಳು ಮೊದಲು ನಿಧಾನವಾಗಿ, ಹೊಂಚುಹಾಕಿ, ಆಮೇಲೆ ಒಮ್ಮೆಲೇ ನುಗ್ಗುವ ಬಗೆ. ಹಾಗೆ ತಡೆದು ನುಗ್ಗಿಸಿದ ತೀರ್ಮಾನ ಒಬ್ಬ ನಟನದು. ಆ ನಟ ಹ್ಯಾರಿಹೌಸನ್.

ಈ ಜೀವಿಗಳು ಉಳಿದಿರುವುದು ನಟನೆಯಿಂದ ಎಂಬುದೇ ನನ್ನ ವಾದ. 1958ರ ಸಿಂದಬಾದನ ಚಿತ್ರದಲ್ಲಿ ಒಕ್ಕಣ್ಣ ದೈತ್ಯ ನಾವಿಕನೊಬ್ಬನನ್ನು ಬೆಂಕಿಯ ಮೇಲೆ ಕಟ್ಟಿ, ಊಟಕ್ಕೆ ಕಾಯುವವನಂತೆ ತುಟಿ ಸವರಿಕೊಳ್ಳುತ್ತಾನೆ. 1981ರ 'ಕ್ಲ್ಯಾಶ್ ಆಫ್ ದಿ ಟೈಟನ್ಸ್'ನಲ್ಲಿ ಗ್ರೀಕ್ ಪುರಾಣದ ರಕ್ಕಸಿ ಮೆಡೂಸಾ, ಬೆಂಕಿಯ ಬೆಳಕು ಅಲುಗಾಡುವ ಕಂಬಗಳ ನಡುವೆ ಕೈಯೂರಿ ಹಾವಿನ ಮೈಯನ್ನು ಎಳೆದುಕೊಂಡು ಬರುತ್ತಾಳೆ. ಆ ಭಾರ ನಿಜವಾಗಿ ತಟ್ಟುತ್ತದೆ, ಏಕೆಂದರೆ ಬೊಂಬೆಯ ಮೇಲೆ ಬಿದ್ದದ್ದು ನಿಜವಾದ ಬೆಳಕು, ನಿಜವಾದ ನೆರಳು. 1973ರ ಇನ್ನೊಂದು ಸಿಂದಬಾದ್ ಚಿತ್ರದಲ್ಲಿ ಕಾಳಿಯ ವಿಗ್ರಹ ಎದ್ದು ಆರೂ ಕೈಗಳಲ್ಲಿ ಕತ್ತಿ ಹಿಡಿಯುತ್ತದೆ. ನಮ್ಮ ದೇವಿಯನ್ನು ಎಲ್ಲಿಯದೋ ಕಲ್ಪಿತ ದ್ವೀಪದಲ್ಲಿ ಕೂರಿಸಿದ ಅಸಡ್ಡೆಯ ಬಗ್ಗೆ ಜಗಳಾಡಬಹುದು. ಆ ಆರು ಕೈಗಳ ಲಯದ ಬಗ್ಗೆ ಜಗಳವಿಲ್ಲ.

ಮೊದಲ ಆಕ್ಷೇಪಕ್ಕೆ ಚುಟುಕಾಗಿ ಹೇಳುವುದಾದರೆ, ಕಂಪ್ಯೂಟರಿನ ಮೇಲೆ ನನಗೆ ಹಗೆಯಿಲ್ಲ. 1993ರ 'ಜುರಾಸಿಕ್ ಪಾರ್ಕ್'ನಲ್ಲಿ ಬೊಂಬೆಗಳ ಬದಲು ಕಂಪ್ಯೂಟರ್ ಬಂದಾಗಲೂ ಸ್ಟಾಪ್-ಮೋಷನ್ ನಿಪುಣ ಫಿಲ್ ಟಿಪ್ಪೆಟ್ ಅವರನ್ನು ಬಿಡಲಾಗಲಿಲ್ಲ. ಡೈನೋಸಾರ್ ಹೇಗೆ ಹೆಜ್ಜೆಯಿಡಬೇಕು, ಎಲ್ಲಿ ನಿಂತು ಮೂಸಬೇಕು ಎಂದು ಹೇಳಬಲ್ಲವರು ಅವರೇ ಆಗಿದ್ದರು.

ಮಗನಿಗೆ ಮೊದಲು 1958ರ ಸಿಂದಬಾದನ ಚಿತ್ರವನ್ನು ತೋರಿಸಿ. ಮನುಷ್ಯ ಪಾತ್ರಗಳು ಅಲ್ಲಿ ಮರದ ಕೊರಡಿನಂತಿವೆ, ಅದನ್ನು ಸಹಿಸಿಕೊಳ್ಳಬೇಕು. 1981ರದ್ದರಲ್ಲಿ ಮೆಡೂಸಾ ದೃಶ್ಯವೊಂದನ್ನೇ ನೋಡಿದರೂ ಸಾಕು. ಉಳಿದದ್ದು ಬಹಳ ಎಳೆದಾಡುತ್ತದೆ.

— ಸಂ.