ಹಳೇ ಮೇಟ್ಯಾಗ್ ರಿಂಗರ್ ಮೆಷಿನ್: ಪ್ಲಗ್ ಹಾಕುವ ಮೊದಲು ಇಷ್ಟು ನೋಡಿ

ನಮಸ್ಕಾರ ಅಕ್ಕ. ಅಯೋವಾದ ತೋಟದ ಮನೆ ಹರಾಜಿನಲ್ಲಿ ಚೌಕ ತೊಟ್ಟಿಯ ಮೇಟ್ಯಾಗ್ ರಿಂಗರ್ (ಒಗೆದ ಬಟ್ಟೆಯನ್ನು ಎರಡು ರೋಲರ್‌ಗಳ ನಡುವೆ ಹಿಂಡುವ ಹಳೇ ವಾಷಿಂಗ್ ಮೆಷಿನ್) ಸಿಕ್ಕಿದೆ, ಪ್ಲಗ್ ಹಾಕಿದರೆ ಮೋಟಾರ್ ಗುಂಯ್ ಅನ್ನುತ್ತದೆ ಆದರೆ ತಿರುಗುವುದಿಲ್ಲ, ಹಿಂಡುವ ರೋಲರ್‌ಗಳು ಅಂಟಿಕೊಂಡಿವೆ ಎಂದು ಬರೆದಿದ್ದೀರಿ. ವಾರದ ಬಟ್ಟೆ ಇದರಲ್ಲೇ ಒಗೆಯುವ ಆಸೆ. ಮುಂದೆ ಮೈಸೂರಿಗೂ ಒಯ್ಯಬಹುದಾ ಎಂದು ಕೇಳಿದ್ದೀರಿ. ಒಹಾಯೋದಲ್ಲಿ ನಾನು ಇಂಥದ್ದೇ ಎರಡು ಮೆಷಿನ್ ಸರಿಮಾಡಿದ್ದೇನೆ, ಒಂದನ್ನು ಈಗಲೂ ಬಳಸುತ್ತೇವೆ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಮೊದಲ ಮಾತು, ಇನ್ನೊಮ್ಮೆ ಪ್ಲಗ್ ಹಾಕಬೇಡಿ. ತಿರುಗದ ಮೋಟಾರಿಗೆ ಕರೆಂಟ್ ಕೊಟ್ಟರೆ ಒಂದೆರಡು ನಿಮಿಷದಲ್ಲೇ ಒಳಗಿನ ತಂತಿ ಸುರುಳಿ (ವೈಂಡಿಂಗ್) ಸುಟ್ಟುಹೋಗಬಹುದು. ನೀವು ಹಾಕಿದ ಫೋಟೋದಲ್ಲಿ ವೈರಿನ ರಬ್ಬರ್ ಬಿರುಕು ಬಿಟ್ಟಿರುವುದೂ ಕಾಣುತ್ತಿದೆ. ನೀರು, ಲೋಹದ ತೊಟ್ಟಿ, ಎರಡೇ ಪಿನ್ನಿನ ಹಳೇ ವೈರು, ಮೂರೂ ಒಟ್ಟಿಗೆ ಇರಬಾರದು. ಮೂರು ಎಳೆಯ ದಪ್ಪ ವೈರು ಹಾಕಿಸಿ, ಅರ್ಥ್ ಎಳೆಯನ್ನು ಬಣ್ಣ ಕೆರೆದ ಜಾಗದಲ್ಲಿ ಮೆಷಿನ್ನಿನ ಚೌಕಟ್ಟಿಗೆ ಬೋಲ್ಟ್ ಹಾಕಿ ಬಿಗಿಯಿರಿ. ಪ್ಲಗ್ಗನ್ನು ಜಿಎಫ್‌ಸಿಐ (ಕರೆಂಟ್ ಸೋರಿದರೆ ತಕ್ಷಣ ತಾನೇ ಕಡಿಯುವ ಸ್ವಿಚ್) ಇರುವ ಸಾಕೆಟ್ಟಿಗೇ ಹಾಕಿ. ಇದರಲ್ಲಿ ಉಳಿತಾಯ ಮಾಡಬೇಡಿ.

ಆಮೇಲೆ ಮೋಟಾರ್. ಕೆಳಗಿನಿಂದ ಬೆಲ್ಟ್ ಕಳಚಿ ಮೋಟಾರಿನ ಪುಲ್ಲಿಯನ್ನು (ಬೆಲ್ಟ್ ಕೂರುವ ಚಕ್ರ) ಕೈಯಲ್ಲಿ ತಿರುಗಿಸಿ. ಸಲೀಸಾಗಿ ತಿರುಗಿದರೆ, ಹೊಸ ವೈರು ಹಾಕಿದ ಮೇಲೆ ಬೆಲ್ಟ್ ಇಲ್ಲದೆ ಒಂದು ಕ್ಷಣ ಕರೆಂಟ್ ಕೊಟ್ಟು ನೋಡಿ. ಓಡಿತು ಎಂದರೆ ಮೋಟಾರ್ ಸರಿಯಿದೆ, ಗೇರಿನ ಕಡೆ ಹಿಡಿದುಕೊಂಡಿದೆ. ಆಗಲೂ ಬರೀ ಗುಂಯ್ ಅಂದರೆ, ಶುರುವಿಗೆ ಕರೆಂಟ್ ಕೊಡುವ ಒಳಗಿನ ಸ್ವಿಚ್ಚಿನ ಪಾಯಿಂಟ್‌ಗಳು ಕಪ್ಪುಗಟ್ಟಿರುವುದೇ ಜಾಸ್ತಿ. ಮೋಟಾರ್ ಬಿಚ್ಚಿ ನಯವಾದ ಉಪ್ಪುಕಾಗದದಿಂದ ಉಜ್ಜಿದರೆ ಎಷ್ಟೋ ಸಲ ಅಷ್ಟೇ ಸಾಕು. ಪುಲ್ಲಿಯೇ ಬಿಗಿಯಾಗಿದ್ದರೆ ಬೇರಿಂಗಿನ ಎಣ್ಣೆ ಒಣಗಿದೆ. ಎರಡೂ ತುದಿಯಲ್ಲಿ ಎಣ್ಣೆ ಬಿಡುವ ತೂತು ಇರುತ್ತದೆ. ಅಲ್ಲಿಗೆ 20 ನಂಬರಿನ, ಡಿಟರ್ಜೆಂಟ್ ಬೆರೆಸದ ಆಯಿಲ್ ಕೆಲವು ಹನಿ ಬಿಟ್ಟು ಒಂದು ರಾತ್ರಿ ಬಿಡಿ.

ಗೇರಿನ ಕಡೆ ಹಿಡಿದಿದ್ದರೆ ಮೊದಲು ತೊಟ್ಟಿಯ ನಡುವೆ ನಿಂತು ಬಟ್ಟೆ ಕಲಕುವ, ರೆಕ್ಕೆಗಳಿರುವ ಅಜಿಟೇಟರ್ ನೋಡಿ. ವರ್ಷಗಟ್ಟಲೆ ತೆಗೆಯದೆ ಬಿಟ್ಟರೆ ಅದು ಕೆಳಗಿನ ಶಾಫ್ಟಿಗೆ ಕಚ್ಚಿಕೊಳ್ಳುತ್ತದೆ. ನನ್ನ ಮೊದಲ ಮೆಷಿನ್ನಿನಲ್ಲಿ ಅವಸರ ಮಾಡಿ ಸ್ಕ್ರೂಡ್ರೈವರಿನಿಂದ ಮೀಟಿದೆ, ಕಪ್ಪು ರೆಕ್ಕೆಯೊಂದು ಚಟ್ ಎಂದು ಮುರಿದು ಬಂತು. ಅಂಥದ್ದೇ ಇನ್ನೊಂದು ಹುಡುಕಲು ಮೂರು ತಿಂಗಳು ಹಿಡಿಯಿತು. ನೀವು ಹಾಗೆ ಮಾಡಬೇಡಿ. ಮೇಲೆ ಮುಚ್ಚಳ ಇದ್ದರೆ ತೆಗೆದು, ತುಕ್ಕು ಬಿಡಿಸುವ ಎಣ್ಣೆ ಬಿಡಿ. ತೊಟ್ಟಿಗೆ ಬಿಸಿನೀರು ತುಂಬಿ ಅರ್ಧ ಗಂಟೆ ಕಾಯಿರಿ. ಆಮೇಲೆ ರೆಕ್ಕೆಗಳ ಅಡಿಗೆ ಎರಡೂ ಬದಿ ಹತ್ತಿಯ ಹಗ್ಗ ಸುತ್ತಿ, ಇಬ್ಬರು ನಿಂತು ನೇರ ಮೇಲಕ್ಕೆ ಎಳೆಯಿರಿ. ಒಂದೇ ದಿನಕ್ಕೆ ಬರದಿದ್ದರೆ ಮರುದಿನ ಮತ್ತೆ. ಬಂದ ಮೇಲೆ ಶಾಫ್ಟ್ ಒರೆಸಿ ನೀರಿಗೆ ಕರಗದ ಗ್ರೀಸ್ ತೆಳ್ಳಗೆ ಹಚ್ಚಿ. ಮುಂದೆ ತಿಂಗಳಿಗೊಮ್ಮೆ ತೆಗೆದು ಒರೆಸಿ ಇಟ್ಟರೆ ಮತ್ತೆ ಕಚ್ಚುವುದಿಲ್ಲ.

ಈಗ ರೋಲರ್. ಇಡೀ ಮೆಷಿನ್ನಿನಲ್ಲಿ ನಾನು ಜಾಸ್ತಿ ಹೊತ್ತು ಕಳೆಯುವುದು ಇಲ್ಲೇ. ನಮ್ಮೂರಲ್ಲಿ ಕಬ್ಬಿನ ಹಾಲು ತೆಗೆಯುವ ಗಾಣ ನೋಡಿದ್ದೀರಲ್ವಾ, ಕೆಲಸ ಹಾಗೆಯೇ. ಅಲ್ಲಿ ಹಿಡಿದ ಕೈ ಬಿಡಿಸುವುದು ಎಷ್ಟು ಕಷ್ಟವೋ ಇಲ್ಲೂ ಅಷ್ಟೇ. ಈ ಮೆಷಿನ್‌ಗಳು ಮನೆಮನೆಯಲ್ಲಿದ್ದ ಕಾಲದಲ್ಲಿ ಮಕ್ಕಳ ಕೈ ಎಷ್ಟು ಸಿಕ್ಕಿಕೊಳ್ಳುತ್ತಿತ್ತೆಂದರೆ ಅಮೆರಿಕದ ವೈದ್ಯರು ಆ ಗಾಯವನ್ನು ‘ರಿಂಗರ್ ಆರ್ಮ್’ ಎಂದೇ ಕರೆಯುತ್ತಿದ್ದರು. ಅದಕ್ಕೇ ರೋಲರ್‌ಗಳ ಮೇಲೆ, ತುರ್ತಿಗೆ ಒತ್ತಡ ಬಿಡಿಸುವ ಲೋಹದ ಪಟ್ಟಿ ಇದೆ. ಅದು ಕೆಲಸ ಮಾಡದೆ ಒಂದೇ ಒಂದು ಕರವಸ್ತ್ರವನ್ನೂ ಹಿಂಡಬೇಡಿ.

ಅಂಟಿದ ರೋಲರ್‌ಗಳನ್ನು ಬಿಡಿಸಲು ಮೇಲಿನ ಒತ್ತಡದ ತಿರುಪು ಪೂರ್ತಿ ಸಡಿಲಿಸಿ, ಸೋಪಿನ ಬೆಚ್ಚನೆ ನೀರು ಬಿಡುತ್ತಾ ಮರದ ಚಪ್ಪಟೆ ಕಡ್ಡಿಯಿಂದ ನಿಧಾನಕ್ಕೆ ಬೇರೆ ಮಾಡಿ. ರಬ್ಬರಿಗೆ ಸೀಮೆಎಣ್ಣೆ, ಪೆಟ್ರೋಲ್ ತಾಗಿಸಬೇಡಿ, ಉಬ್ಬಿ ಹಾಳಾಗುತ್ತದೆ. ಉಗುರಿನಿಂದ ಒತ್ತಿದಾಗ ಸ್ವಲ್ಪ ಒಳಗೆ ಹೋಗಬೇಕು. ಕಲ್ಲಿನಂತಾಗಿದ್ದರೆ, ಅಂಟಂಟಾಗಿದ್ದರೆ, ಒಂದು ಬದಿ ಚಪ್ಪಟೆಯಾಗಿದ್ದರೆ ಬದಲಿಸಲೇಬೇಕು. ಹೊಸದು ಸಿಗುತ್ತದೆ, ಚಿಂತೆ ಬೇಡ. ಮೇಟ್ಯಾಗ್ ಕಂಪನಿ ಹುಟ್ಟಿದ್ದು ನಿಮ್ಮ ಅಯೋವಾದ ನ್ಯೂಟನ್ ಊರಲ್ಲೇ. 1983ರ ತನಕ ಅದು ರಿಂಗರ್ ಮೆಷಿನ್ ಮಾಡುತ್ತಿತ್ತು. ಆಧುನಿಕ ಯಂತ್ರಗಳನ್ನು ಆದಷ್ಟು ದೂರವಿಡುವ ಕ್ರೈಸ್ತ ಪಂಗಡದ ಆಮಿಷ್ ಜನರಲ್ಲಿ ಅನೇಕರು ಇವತ್ತಿಗೂ ಇಂಥದ್ದರಲ್ಲೇ ಒಗೆಯುತ್ತಾರೆ, ಕರೆಂಟ್ ಇಲ್ಲದ ಮನೆಗಳಲ್ಲಿ ಸಣ್ಣ ಪೆಟ್ರೋಲ್ ಎಂಜಿನ್ ಕೂಡಿಸಿಕೊಂಡು. ನಿಮ್ಮ ಕಡೆ ಕಲೋನಾ ಊರಿನ ಸುತ್ತ ಆಮಿಷರು ತುಂಬಾ ಇದ್ದಾರೆ. ಅಲ್ಲಿನ ರಿಪೇರಿ ಅಂಗಡಿಗಳಲ್ಲಿ ಕೇಳಿ. ಕೊಳ್ಳುವ ಮೊದಲು ರಬ್ಬರಿನ ಉದ್ದ, ದಪ್ಪ, ಎರಡೂ ತುದಿಯ ಶಾಫ್ಟಿನ ಆಕಾರ ಅಳೆದುಕೊಂಡು ಹೋಗಿ. ಮೇಲಿನದು, ಕೆಳಗಿನದು ಒಂದೇ ಥರ ಇರುವುದಿಲ್ಲ.

ಒತ್ತಡ ಬಿಡಿಸುವ ಪಟ್ಟಿಯ ಪರೀಕ್ಷೆ ಹೀಗೆ. ದಪ್ಪ ಟವೆಲ್ ಮಡಚಿ ರೋಲರಿಗೆ ಕೊಡಿ, ಅರ್ಧ ಒಳಗೆ ಹೋದಾಗ ಪಟ್ಟಿ ಹೊಡೆಯಿರಿ. ಒತ್ತಡ ತಕ್ಷಣ ಬಿಟ್ಟು ಟವೆಲ್ ಕೈಗೆ ಸುಲಭವಾಗಿ ಬರಬೇಕು. ಹತ್ತು ಸಲ ಮಾಡಿ, ಹತ್ತೂ ಸಲ ಬಿಡಬೇಕು. ಒಂದು ಸಲ ತಡವಾದರೂ ಬಿಚ್ಚಿ, ಮೇಣದಂತಾದ ಹಳೇ ಗ್ರೀಸ್ ತೊಳೆದು ಹೊಸದು ಹಾಕಿ.

ಬಣ್ಣ, ಹೊಳಪು ಕೊನೆಗೆ ಇಟ್ಟುಕೊಳ್ಳಿ. 1978ಕ್ಕಿಂತ ಹಿಂದಿನ ಬಣ್ಣದಲ್ಲಿ ಸೀಸ ಇರಬಹುದು, ಒಣಗಿದ್ದಾಗ ಉಜ್ಜಿ ಧೂಳೆಬ್ಬಿಸಬೇಡಿ. ನೀರು ಬಿಡುವ ಹಳೇ ರಬ್ಬರ್ ಪೈಪನ್ನು ಮಾತ್ರ ಈಗಲೇ ಬದಲಿಸಿ.

ಒಗೆಯುವಾಗ ತೊಟ್ಟಿ ಅಲ್ಯೂಮಿನಿಯಂ ಎಂಬುದು ನೆನಪಿರಲಿ. ವಾಷಿಂಗ್ ಸೋಡಾ, ಬ್ಲೀಚ್ ಹಾಕಿದರೆ ಕಪ್ಪಾಗುತ್ತದೆ. ಸೋಪಿನ ನೀರು ಒಂದೇ ಸಲ ತುಂಬಿ, ಮೊದಲು ಬಿಳಿ ಬಟ್ಟೆ, ಆಮೇಲೆ ಬಣ್ಣದ್ದು, ಕೊನೆಗೆ ತೋಟದ ಕೆಲಸದ್ದು, ಅದೇ ನೀರಲ್ಲಿ. ಸುಮಾರು ಎಂಟು ಹತ್ತು ನಿಮಿಷ ಸಾಕು. ಜಾಲಿಸಲು ಪಕ್ಕದಲ್ಲಿ ಎರಡು ಟಬ್ ಇಡಿ, ರೋಲರ್ ಆ ಕಡೆಗೂ ತಿರುಗುತ್ತದೆ. ಗುಂಡಿಗಳನ್ನು ಒಳಗೆ ಮಡಚಿ, ಜಿಪ್ ಹಾಕಿ ಕೊಡಿ. ಹತ್ತಿ ಸೀರೆಯನ್ನು ಸಡಿಲವಾಗಿ ಹಾಕಿದರೆ ಅಜಿಟೇಟರಿಗೆ ಸುತ್ತಿಕೊಳ್ಳುತ್ತದೆ, ಬಲೆ ಚೀಲದಲ್ಲಿ ಹಾಕಿ ಒಗೆದು, ನಾಲ್ಕು ಮಡಿಕೆ ಮಾಡಿ ಹಿಂಡಿ. ರೇಷ್ಮೆ ಖಂಡಿತ ಬೇಡ. ಹಿಂಡುವಾಗ ಕೂದಲು ಕಟ್ಟಿಕೊಳ್ಳಿ, ಬಳೆ, ಉಂಗುರ ತೆಗೆದಿಡಿ, ದುಪಟ್ಟಾ, ಸೆರಗು ಇರಲೇಬಾರದು, ಮಕ್ಕಳು ಹತ್ತಿರ ಇದ್ದರೆ ಮೆಷಿನ್ ಶುರು ಮಾಡಲೇಬೇಡಿ. ಮುಗಿದ ಮೇಲೆ ರೋಲರಿನ ಒತ್ತಡ ಸಡಿಲಿಸಿ ಬಿಡಿ, ಇಲ್ಲದಿದ್ದರೆ ಮತ್ತೆ ಅಂಟುತ್ತವೆ.

ಮೈಸೂರಿಗೆ ಒಯ್ಯುವುದಾದರೆ ಟ್ರಾನ್ಸ್‌ಫಾರ್ಮರ್ ಒಂದರಿಂದಲೇ ಆಗುವುದಿಲ್ಲ. ಅದು 230 ವೋಲ್ಟನ್ನು 120ಕ್ಕೆ ಇಳಿಸುತ್ತದೆ, ಆದರೆ ಅಲ್ಲಿನ ಕರೆಂಟಿನ ಆವರ್ತನ 50 ಹರ್ಟ್ಸ್, ಅದು ಇಲ್ಲಿನ 60 ಆಗುವುದಿಲ್ಲ. ಇಲ್ಲಿ ನಿಮಿಷಕ್ಕೆ 1725 ಸುತ್ತು ಓಡುವ ಮೋಟಾರ್ ಅಲ್ಲಿ ಸುಮಾರು 1425ಕ್ಕೆ ಇಳಿದು ಜಾಸ್ತಿ ಬಿಸಿಯಾಗುತ್ತದೆ. ಅದರ ಬದಲು ಅಲ್ಲೇ ಅಷ್ಟೇ ಶಕ್ತಿಯ 230 ವೋಲ್ಟ್ ಮೋಟಾರ್ ಹಾಕಿಸಿ, ಮೋಟಾರಿನ ಪುಲ್ಲಿ ಈಗಿನದಕ್ಕಿಂತ ಐದನೇ ಒಂದು ಭಾಗ ದೊಡ್ಡದಿರಲಿ. ಆಗ ಗೇರಿಗೆ ಹಳೇ ವೇಗವೇ ಸಿಗುತ್ತದೆ. ಹಳೇ ಮೋಟಾರನ್ನು ಮಾತ್ರ ಎಸೆಯಬೇಡಿ, ಒರೆಸಿ ಎತ್ತಿಡಿ.

ಈ ವಾರ ಬೆಲ್ಟ್ ತೆಗೆದು ಪುಲ್ಲಿ ತಿರುಗಿಸಿ ನೋಡಿ, ಏನಾಯಿತು ಎಂದು ಬರೆಯಿರಿ. ಪ್ಲಗ್ ಹೊರಗಿರಲಿ.