ಹುಳುಕಡ್ಡಿ ಮತ್ತೆ ಮತ್ತೆ ಬರುತ್ತಿದ್ದರೆ ಯಾವ ಟ್ಯೂಬ್ ಹಚ್ಚಬೇಕು?

ತೊಡೆಸಂದಿಯ ಹುಳುಕಡ್ಡಿ ಹೋಗಿ ಹೋಗಿ ಬರುತ್ತಿದೆ, ಮಾತ್ರೆ ತಗೊಂಡರೆ ಲಿವರ್ ಹಾಳಾಗುತ್ತಂತೆ, ಒಳ್ಳೆ ಟ್ಯೂಬ್ ಹೇಳಿ ಅಂತ ಕೇಳಿದ್ದೀರಿ. ಟ್ಯೂಬ್ ಹೆಸರು ನಾನು ಹೇಳುವುದಿಲ್ಲ. ನಿಮ್ಮ ರೋಗ ಬೆಳೆಸುತ್ತಿರುವುದೇ ಟ್ಯೂಬ್ ಇರಬಹುದು.

ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ಕೆಲಸಕ್ಕಿದ್ದೆ. ಕಾದ ಮರಳಿನ ಮುಂದೆ ನಿಂತರೆ ಸೊಂಟದ ಕೆಳಗೆ ಬಟ್ಟೆ ಹಿಂಡುವಷ್ಟು ಬೆವರು. ಅಲ್ಲಿ ಶುರುವಾಯಿತು. ಡಾಕ್ಟರಿಗೆ ತೋರಿಸಲು ನಾಚಿಕೆ. ಮೆಡಿಕಲ್ ಶಾಪಲ್ಲಿ ಕೇಳಿದೆ, ಟ್ಯೂಬ್ ಕೊಟ್ಟರು. ಬೇಗನೇ ತುರಿಕೆ ನಿಂತಿತು, ಕೆಂಪು ಇಳಿಯಿತು. ವಾಸಿಯಾಯಿತು ಅಂತ ಬಿಟ್ಟೆ. ಮತ್ತೆ ಬಂತು, ಮತ್ತೆ ಹಚ್ಚಿದೆ, ಪ್ರತಿ ಸಲ ಇನ್ನಷ್ಟು ಅಗಲವಾಗಿ ಬಂತು.

ಹುಳುಕಡ್ಡಿ ಅಂದರೆ ಚರ್ಮಕ್ಕೆ ಫಂಗಸ್ (ಶಿಲೀಂಧ್ರ) ಅಂಟಿ ಬರುವ ರೋಗ. ಆ ಟ್ಯೂಬಿನಲ್ಲಿ ಫಂಗಸ್ ಔಷಧಿ ಜೊತೆ ಕ್ಲೊಬೆಟಸಾಲ್ ಇತ್ತು. ತುಂಬಾ ಜೋರಿನ ಸ್ಟೀರಾಯ್ಡ್ ಅದು. ತುರಿಕೆ, ಕೆಂಪು ಅಂದರೆ ನಮ್ಮ ಮೈ ಫಂಗಸ್ ವಿರುದ್ಧ ಹೊಡೆದಾಡುತ್ತಿದೆ ಅಂತ. ಸ್ಟೀರಾಯ್ಡ್ ಆ ಹೊಡೆದಾಟವನ್ನೇ ನಿಲ್ಲಿಸುತ್ತದೆ. ಕಾವಲುಗಾರನನ್ನು ಮಲಗಿಸಿ ಕಳ್ಳನನ್ನು ಬಿಟ್ಟ ಹಾಗೆ. ನಮಗೆ ಹಾಯೆನಿಸುತ್ತದೆ, ಫಂಗಸ್ ಹರಡುತ್ತಲೇ ಇರುತ್ತದೆ. ಉಂಗುರದಂಥ ಅಂಚು ಕೂಡ ಅಳಿಸಿಹೋಗಿ ಡಾಕ್ಟರಿಗೂ ನೋಡಿದ ಕೂಡಲೇ ರೋಗ ಗೊತ್ತಾಗುವುದಿಲ್ಲ. ನನ್ನ ತೊಡೆಯ ಚರ್ಮ ತೆಳುವಾಗಿ ಸೀಳುಗೆರೆ ಬಿದ್ದವು, ಅವು ಇವತ್ತಿಗೂ ಹೋಗಿಲ್ಲ. ಒಂದೇ ಟವೆಲ್ಲಿನಿಂದ ಹೆಂಡತಿಗೆ ಅಂಟಿತು, ಮಗನಿಗೂ ಅಂಟಿತು. ಅವನ ಕುತ್ತಿಗೆ ಮೇಲೆ ಆ ಉಂಗುರ ಕಂಡಾಗ ನನಗೆ ಊಟ ಸೇರಲಿಲ್ಲ.

2018ರಿಂದ ಇಂಥ ಮುಲಾಮನ್ನು ಡಾಕ್ಟರ ಚೀಟಿ ಇಲ್ಲದೆ ಮಾರುವಂತಿಲ್ಲ. ಆದರೂ ಸಿಗುತ್ತದೆ, ಅಲ್ವಾ? ಟ್ಯೂಬ್ ಮೇಲಿನ ಸಣ್ಣ ಅಕ್ಷರ ಓದಿ. ಕ್ಲೊಬೆಟಸಾಲ್, ಬೀಟಾಮೆಥಸೋನ್, ಬೆಕ್ಲೊಮೆಥಸೋನ್, ಇವುಗಳಲ್ಲಿ ಯಾವುದಿದ್ದರೂ ಅದನ್ನೇ ಹಿಡಿದುಕೊಂಡು ಚರ್ಮದ ಡಾಕ್ಟರ ಹತ್ತಿರ ಹೋಗಿ. ಆ ಟ್ಯೂಬ್ ಬಿಟ್ಟ ಮೇಲೆ ಸ್ವಲ್ಪ ದಿನ ಉರಿ, ತುರಿಕೆ ಜಾಸ್ತಿ ಆಗಬಹುದು. ಆಗಲೇ ಜನ ಸೋತು ಮತ್ತೆ ಹಚ್ಚುವುದು.

ನನಗೆ ಬ್ಲೇಡಿನಿಂದ ಮೆಲ್ಲಗೆ ಕೆರೆದು, ಉದುರಿದ ಹೊಟ್ಟನ್ನು ಗಾಜಿನ ಮೇಲೆ ಹಾಕಿ, ಪೊಟ್ಯಾಶಿಯಂ ಹೈಡ್ರಾಕ್ಸೈಡ್ ಹನಿ ಬಿಟ್ಟು ಮೈಕ್ರೋಸ್ಕೋಪಿನಲ್ಲಿ ನೋಡಿದರು. ಫಂಗಸ್ಸಿನ ಕವಲೊಡೆದ ಎಳೆಗಳು ಕಂಡವು. ನೋವೇನೂ ಇಲ್ಲ. ಈ ಪರೀಕ್ಷೆ ಕೇಳಿ ಮಾಡಿಸಿಕೊಳ್ಳಿ.

ಮಾತ್ರೆ ಬೇಡ ಅನ್ನುವ ಹಟ ಬಿಡಿ. ಬನಾರಸ್ ಹಿಂದೂ ವಿಶ್ವವಿದ್ಯಾಲಯದ ವೈದ್ಯರು 200 ರೋಗಿಗಳಿಗೆ ನಾಲ್ಕು ಬಗೆಯ ಫಂಗಸ್ ಮಾತ್ರೆ ಕೊಟ್ಟು ನೋಡಿದ ಅಧ್ಯಯನ 2020ರಲ್ಲಿ ಪ್ರಕಟವಾಯಿತು. 8 ವಾರದ ನಂತರ ಇಟ್ರಾಕೊನಜೋಲ್ ತಗೊಂಡವರಲ್ಲಿ 66%, ಟರ್ಬಿನಾಫಿನ್ ತಗೊಂಡವರಲ್ಲಿ ಬರೀ 28% ಜನರಿಗೆ ವಾಸಿಯಾಗಿತ್ತು. ಅಷ್ಟು ದಿನ ನುಂಗಿದವರಿಗೇ ಹೀಗೆ. ಸುಮ್ನೆ ಒಂದು ವಾರ ಮುಲಾಮು ಹಚ್ಚಿ ಬಿಟ್ಟರೆ ಏನಾದೀತು?

ಲಿವರ್ ಭಯ ಇದ್ದರೆ ಡಾಕ್ಟರಿಗೇ ಹೇಳಿ. ನನಗೆ ಮೊದಲು ರಕ್ತ ಪರೀಕ್ಷೆ ಮಾಡಿಸಿದ ಮೇಲೆಯೇ ಬರೆದುಕೊಟ್ಟರು. ಗ್ಯಾಸ್ ಮಾತ್ರೆ ತಗೊಳ್ಳುತ್ತಿದ್ದರೆ ಅದನ್ನೂ ಹೇಳಿ, ಅದರಿಂದ ಇಟ್ರಾಕೊನಜೋಲ್ ಮೈಗೆ ಸರಿಯಾಗಿ ಹತ್ತುವುದಿಲ್ಲ. ಕ್ಯಾಪ್ಸೂಲ್ ಆದರೆ ಊಟ ಆದ ಕೂಡಲೇ ನುಂಗಬೇಕು.

ನಮ್ಮದು ಹೋಗಿದ್ದು ಮೂವರೂ ಒಟ್ಟಿಗೆ ಔಷಧಿ ಮಾಡಿಸಿ, ಟವೆಲ್ ಬೇರೆ ಮಾಡಿಕೊಂಡ ಮೇಲೆಯೇ. ನಿಮ್ಮ ಮನೆಯಲ್ಲಿ ಇನ್ಯಾರಿಗೆ ತುರಿಕೆ ಇದೆ ಅಂತ ಇವತ್ತೇ ಕೇಳಿ, ಅವರನ್ನೂ ಕರೆದುಕೊಂಡು ಹೋಗಿ.